ಕೈ ಬಿಟ್ಟವನು

"ಇನ್ಮೇಲೆ ನಾನು ಈ ಕೆಲಸ ಮಾಡಲ್ಲ. ನೀನು ಬೇರೆ ಜೋಡಿ ನೋಡ್ಕೊ," ಎಂದ ಕಡ್ಡಿ, ಬಾಗಿಲಲ್ಲೇ ನಿಂತು.

ಒಳಗೆ ಮಂಚದ ಮೇಲೆ ದಪ್ಪಣ್ಣ, ಬಲಗಾಲಿಗೆ ಮೊಣಕಾಲಿನವರೆಗೂ ಪ್ಲಾಸ್ಟರ್. ಹದಿನೆಂಟು ವರ್ಷದಿಂದ ಇಬ್ಬರೂ ಜೋಡಿಯಾಗಿ ಜನರ ಮನೆಸಾಮಾನು ಹೊತ್ತು ಇಳಿಸಿದವರು. ಮೆಟ್ಟಿಲಿಳಿಯುವಾಗ ಕಡ್ಡಿ ಮೇಲೆ, ದಪ್ಪಣ್ಣ ಕೆಳಗೆ. ಭಾರ ಕೆಳಗಿನವನದು, ಅವನ ಜೀವ ಮೇಲಿನವನ ಕೈಯಲ್ಲಿ. ಮೊನ್ನೆ ಒಂದು ಬೀರು ಇಳಿಸುವಾಗ ಮೂರನೇ ಮಹಡಿಯ ತಿರುವಿನಲ್ಲಿ ಕಡ್ಡಿಯ ಬೆರಳು ಗೋಡೆಗೂ ಬೀರುವಿಗೂ ನಡುವೆ ಸಿಕ್ಕಿಕೊಂಡಿತು. ಅವನು ಕೈ ಬಿಟ್ಟ. ಬೀರು ನೇರವಾಗಿ ಬಂದು ದಪ್ಪಣ್ಣನ ಕಾಲಿನ ಮೇಲೆ ಬಿತ್ತು.

"ಮೊದ್ಲು ಒಳಗೆ ಬಾರೋ. ಬೇರೆ ಯಾರ ಹೆಜ್ಜೆಗೂ ನನ್ನ ಹೆಜ್ಜೆ ಹೊಂದಲ್ಲ ಅಂತ ನಿಂಗೊತ್ತಿಲ್ವಾ? ಕೈ ಜಾರಿತು, ಅಷ್ಟೇ ತಾನೇ?"

"ಜಾರ್ಲಿಲ್ಲ. ಬಿಟ್ಟೆ."

ನರ್ಸಿಂಗ್ ಓದುತ್ತಿದ್ದ ದಪ್ಪಣ್ಣನ ಮಗಳು ಪುಸ್ತಕದಿಂದ ತಲೆಯೆತ್ತಿದಳು. "ಚಿಕ್ಕಪ್ಪ, ನೋವಾದ್ರೆ ಕೈ ತಾನಾಗಿ ಹಿಂದಕ್ಕೆ ಬರುತ್ತೆ, ಬಿಸಿ ಪಾತ್ರೆ ಮುಟ್ಟಿದ ಹಾಗೆ. ತಲೆಗೆ ಗೊತ್ತಾಗೋದೇ ಆಮೇಲೆ. ಬಿಟ್ಟಿದ್ದು ಕೈ, ನೀವಲ್ಲ."

"ಕೈ ಯಾರ್ದಮ್ಮ, ಪಕ್ಕದ್ಮನೆಯವ್ರದಾ?"

ಅವಳಿಗೆ ನಗು ಬಂತು. ಅವನು ನಗಲಿಲ್ಲ.

"ಬೆರಳು ಹಿಂದೆನೂ ಎಷ್ಟೋ ಸಲ ಸಿಕ್ಕಿದೆ. ಹಲ್ಲು ಕಚ್ಚಿ ಹಿಡ್ಕೊಂಡಿದ್ದೆ. ಮೊನ್ನೆ ಕಚ್ಚಲಿಲ್ಲ. ಬಿಟ್ಟಿದ್ದು ನಾನಲ್ಲ ಅಂದ್ರೆ, ಹದಿನೆಂಟು ವರ್ಷ ಹಿಡ್ಕೊಂಡಿದ್ದೂ ನಾನಲ್ಲ ಅಂತಾಯ್ತು." ಹುಡುಗಿ ಪುಸ್ತಕ ಮುಚ್ಚಿಟ್ಟಳು. ಕಡ್ಡಿ ಗೆಳೆಯನ ಕಡೆ ತಿರುಗಿದ. "ಎಲ್ರೂ ನಿಂದೇನೂ ತಪ್ಪಿಲ್ಲ ಅಂತಾರೆ. ತಪ್ಪೇ ಇಲ್ಲ ಅಂದ್ಮೇಲೆ ನಾನು ಯಾವ ಬಾಯಲ್ಲಿ ಕ್ಷಮೆ ಕೇಳ್ಲಿ?"

ದಪ್ಪಣ್ಣನಿಗೆ ಆಗ ಅರ್ಥವಾಯಿತು. ಬೈಯುವುದು ಅವನ ಜಾಯಮಾನದಲ್ಲೇ ಇಲ್ಲ, ಪಾಪ, ನೊಣ ಹೊಡೆಯಲೂ ಹಿಂದೆ ಮುಂದೆ ನೋಡುವ ಮನುಷ್ಯ. ಆದರೂ ಗೆಳೆಯನಿಗೋಸ್ಕರ ಮುಖ ಗಂಟಿಕ್ಕಿದ.

"ಹೌದು ಕಣೋ, ಬಿಟ್ಟೆ. ನನ್ನ ಕಾಲಿಗಿಂತ ನಿನ್ನ ಬೆರಳು ದೊಡ್ಡದಾಯ್ತು. ನಂಬಿದವನ ಕೈ ಬಿಟ್ಟೆ. ನಂಗೆ ನೋವಾಗಿದೆ, ಬರೀ ಕಾಲಿಗಲ್ಲ." ನಾಟಕವೆಂದು ಶುರುಮಾಡಿದ ಮಾತು, ಹೇಳುತ್ತ ಹೇಳುತ್ತ ಅವನ ದನಿಯೇ ನಡುಗಿತು.

"ಅಪ್ಪಾ," ಎಂದಳು ಮಗಳು, ಗಾಬರಿಯಾಗಿ.

ಕಡ್ಡಿ ಮಾತ್ರ ಚಪ್ಪಲಿ ಬಿಟ್ಟು ಒಳಗೆ ಬಂದ. ಮಂಚದ ಪಕ್ಕ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. "ತಪ್ಪು ಮಾಡಿದೆ ಕಣೋ."

"ಮಾಡಿದೆ. ಅದಕ್ಕೇ ಕ್ಷಮಿಸಿದೀನಿ." ದಪ್ಪಣ್ಣ ಅವನ ತಲೆಯ ಮೇಲೆ ಕೈಯಿಟ್ಟ.

"ಕಾಲು ಕೂಡಿದ ಮೇಲೆ ಕೆಳಗೆ ನಾನು ನಿಲ್ತೀನಿ," ಎಂದ ಕಡ್ಡಿ, ಮೂಗೊರೆಸಿಕೊಂಡು. "ಮೇಲೆ ನೀನು ಹಿಡ್ಕೊ."

"ನಿನ್ನ ಮೈಗೆ ಆ ಭಾರ ತಡೆಯುತ್ತಾ? ಕೆಳಗೆ ನಾನೇ, ಮೇಲೆ ನೀನೇ." ದಪ್ಪಣ್ಣ ಬಾಗಿ ಗೆಳೆಯನ ಮುಖ ನೋಡಿದ. "ನಿನ್ನ ಕೈಗಲ್ಲ, ನಿಂಗೆ ಹೇಳ್ತಿದೀನಿ. ಬಿಡಬೇಡ."