ಮಂತ್ರಿಯ ಕಣ್ಣು

ಮೊನ್ನೆಯವರೆಗೆ ಅಳಿಲನ್ನೂ ಬಿಡದೆ ಅಟ್ಟಿಸಿಕೊಂಡು ಹೋಗುತ್ತಿದ್ದ ನಾಯಿ ಮಂತ್ರಿ, ಈ ಬೆಳಿಗ್ಗೆ ಜಗುಲಿ ಇಳಿದದ್ದೇ ನೇರ ಹೋಗಿ ತೆಂಗಿನಕಾಯಿ ರಾಶಿಗೆ ಮೂತಿ ಗುದ್ದಿಕೊಂಡಿತು. ಹಿಂದಕ್ಕೆ ತಿರುಗಿ ಕಂಬಕ್ಕೆ ಹೊಡೆದುಕೊಂಡಿತು. ಸರ್ವಮಂಗಳ ಅದರ ಮುಖದ ಮುಂದೆ ಕೈ ಆಡಿಸಿದರೂ ರೆಪ್ಪೆ ಅಲುಗಲಿಲ್ಲ.

"ಅಯ್ಯೋ ಶಿವನೇ! ರೀ, ಬನ್ರೀ ಇಲ್ಲಿ! ಮಂತ್ರಿಗೆ ಕಣ್ಣೇ ಕಾಣ್ತಿಲ್ಲ ಕಣ್ರೀ!"

"ಮಂತ್ರಿಗಳಿಗೆ ಯಾವತ್ತು ಕಂಡಿತ್ತು ಕಣೇ?" ಎಂದು ನಗುತ್ತ ಹೊರಬಂದ ಗಂಡ ಶಂಭುಲಿಂಗಯ್ಯ, ನಾಯಿಯ ಎರಡೂ ಕಣ್ಣಿಗೆ ಕಟ್ಟಿದ ಬಿಳಿ ಪೊರೆ ನೋಡಿ ಫೋನಿಗೆ ಕೈ ಹಾಕಿದರು.

ಹೊನ್ನವಳ್ಳಿಯ ದನದ ಡಾಕ್ಟರು ಹಾಲಸ್ವಾಮಿ ಲೂನಾ ಹತ್ತಿ ಬಂದರು. ಟಾರ್ಚು ಬಿಟ್ಟು ನೋಡಿದರು.

"ನೀರು ಜಾಸ್ತಿ ಕುಡಿಯುತ್ತಾ?"

"ಬಕೀಟುಗಟ್ಟಲೆ ಡಾಕ್ಟ್ರೇ."

"ಹಂಗಾದ್ರೆ ಸಕ್ಕರೆ ಕಾಯಿಲೆ ಇದ್ದಂಗೈತೆ. ನಾಯಿಗೆ ಅದು ಬಂದ್ರೆ ನಾಕು ದಿನದಲ್ಲಿ ಪೊರೆ ಕಟ್ಟಿಬುಡುತ್ತೆ. ಸಿಹಿ ಗಿಹಿ ಏನಾದ್ರೂ ಹಾಕ್ತಿದ್ರಾ?"

"ಸಿಹೀನಾ! ನಮ್ಮ ಯಜಮಾನ್ರಿಗೇ ಶುಗರ್ರು. ಎರಡು ವರ್ಷದಿಂದ ಮನೇಲಿ ಬೆಲ್ಲದ ಚೂರಿಲ್ಲ. ಲಿಂಗ ಮುಟ್ಟಿ ಆಣೆ ಇಟ್ಟವ್ರೆ. ಈಗೆಲ್ಲ ನಾರ್ಮಲ್ಲಂತೆ."

ಶಂಭುಲಿಂಗಯ್ಯ ಬಗ್ಗಿ ನಾಯಿಯ ಬೆನ್ನು ಸವರತೊಡಗಿದರು. ಆಣೆ ಇಟ್ಟದ್ದು ನಿಜ. ಆದರೆ ಮನೆಯೊಳಗೆ ಸಿಹಿ ತರುವುದಿಲ್ಲ ಅಂತ ಮಾತ್ರ. ದಿನಾ ಸಂಜೆ ಮೋಟಾರು ಹಾಕುವ ನೆಪದಲ್ಲಿ ತೋಟದ ಪಂಪ್‌ಹೌಸಿಗೆ ಹೋಗಿ, ತಿಪಟೂರಿನಿಂದ ತಂದು ಬಚ್ಚಿಟ್ಟ ಮೈಸೂರುಪಾಕನ್ನು ತನಗೊಂದು, ಮಂತ್ರಿಗೊಂದು ಎಂದು ಮುಗಿಸುವುದು ಆ ಆಣೆಗೆ ಎಲ್ಲಿ ಸೇರುತ್ತದೆ? ನೋಡಿದವರು ಯಾರೂ ಇಲ್ಲ. ನೋಡಿದ ಮಂತ್ರಿ ಬಾಯಿ ಬಿಡುವುದಿಲ್ಲ.

"ಬೀದೀಲಿ ಯಾರೋ ಹಾಕಿರಬೇಕು ಬುಡಿ," ಎಂದರು, ಯಾರ ಮುಖವನ್ನೂ ನೋಡದೆ.

"ರಕ್ತ ತಗೊಂಡು ತಿಪಟೂರಿಗೆ ಕಳಿಸ್ತೀನಿ. ಅಲ್ಲೀಗಂಟ ಅದು ಉಚ್ಚೆ ಹುಯ್ಯೋ ಜಾಗ ನೋಡಿ ತಾಯಿ. ಇರುವೆ ಮುತ್ತಿದ್ರೆ ಹೆಚ್ಚುಕಮ್ಮಿ ಸಕ್ಕರೇನೇ."

ಅವರ ಮಾತು ಮುಗಿಯುವಷ್ಟರಲ್ಲಿ ಸರ್ವಮಂಗಳ ಸೆರಗು ಸಿಕ್ಕಿಸಿ ತೋಟದ ದಾರಿ ಹಿಡಿದಿದ್ದಳು.

"ಬಿಸ್ಲು ಕಣೇ! ಆಮ್ಯಾಕೆ ನೋಡಿದ್ರಾಯ್ತು ಬುಡು!" ಶಂಭುಲಿಂಗಯ್ಯ ಪಂಚೆ ಎತ್ತಿ ಹಿಂದೆ ಓಡಿದರು. ಡಾಕ್ಟರೂ ಕುತೂಹಲಕ್ಕೆ ಹೆಜ್ಜೆ ಹಾಕಿದರು.

ಬದುವಿನ ಮೇಲಿನ ಮೊದಲ ತೆಂಗಿನ ಮರ ಮಂತ್ರಿ ದಿನಾ ಕಾಲೆತ್ತುವ ಮರ. ಬುಡದಲ್ಲಿ ಇರುವೆ ಕಪ್ಪಗೆ ಮುತ್ತಿತ್ತು. ಸರ್ವಮಂಗಳಳಿಗೆ ಅಳು ಬಂತು. "ಮೂಕಪ್ರಾಣಿ, ಯಾವ ಪಾಪಿ ಹಾಕಿದ್ನೋ ಇದಕ್ಕೆ," ಎಂದು ಬೈಯುತ್ತ ತಲೆಯೆತ್ತಿದವಳು ಅಲ್ಲೇ ನಿಂತಳು. ಪಂಪ್‌ಹೌಸಿನ ಹಿಂದೆ, ದಾರಿಗೆ ಕಾಣದ ಮರೆಯಲ್ಲಿ ಇನ್ನೊಂದು ಮರ. ಅದರ ಬುಡದಲ್ಲೂ ಇರುವೆ, ಇದಕ್ಕಿಂತ ದಟ್ಟವಾಗಿ.

ಡಾಕ್ಟರು ಕೆಮ್ಮಿದರು. ಶಂಭುಲಿಂಗಯ್ಯ ಈ ವರ್ಷದ ಫಸಲು ಈಗಷ್ಟೇ ನೆನಪಾದಂತೆ ಗೊನೆ ನೋಡತೊಡಗಿದರು.

ಸರ್ವಮಂಗಳ ಬೈಯಲಿಲ್ಲ. ಗಂಡನ ಹತ್ತಿರ ಬಂದು ಅವರ ಕಣ್ಣನ್ನೇ ನೋಡಿದಳು.

"ಇದು ಮಂತ್ರಿ ಮರ. ಆ ಮರ ಯಾರ್ದು ಅಂತ ಈಗ್ಲೇ ತೋರ್ಸಿಬುಡಿ, ಕಣ್ಣು ಕಾಣೋವಾಗ್ಲೇ."