ಮಿರ್ಚಿ ಮಾಯಪ್ಪನ ಮೋಟಾರು

ಮೆಹೆಕ ಕಂಪ್ಯೂಟರಿನಲ್ಲಿ ಸಂದೇಶ ಕಳಿಸುವ ಗುಂಡಿ ಒತ್ತಿದಳು. ಯಾರ ಫೋನೂ ಸದ್ದು ಮಾಡಲಿಲ್ಲ; ಪರದೆಯ ಮೇಲೆ ಕೆಂಪಕ್ಷರ ಮೂಡಿತು.

“ಹೋತೇನವಾ?” ಎಂದರು ನದಿ ದಂಡೆಯ ರೈತರ ಸಂಘದ ಅಧ್ಯಕ್ಷ ಆಬಾಸಾಹೇಬರು.

“ಒಬ್ಬರಿಗೂ ಹೋಗಿಲ್ರಿ ಕಾಕಾ.”

“ಮ್ಯಾಲಿನ ಡ್ಯಾಮಿನ ಬಾಗಲಾ ತಗದಾರ. ಹೊತ್ತ ಮುಳುಗೂದ್ರಾಗ ಹೊಳಿ ಏರತೈತಿ, ಊರಿನ ನೀರೆತ್ತೂ ಮೋಟಾರೆಲ್ಲಾ ದಂಡಿಮ್ಯಾಗ ಕುಂತಾವ. ನಾ ರಿಕ್ಷಾಕ್ಕ ಮೈಕಿನ ಭೋಂಗಾ ಕಟ್ಟಿ ಒದರಿಸ್ತೀನಂದ್ರ, ಕಬ್ಬಿನಾಗ ಇದ್ದವರಿಗೆ ಕೇಳಂಗಿಲ್ಲ, ನೀ ಫೋನಿಗೇ ಕಳಸ್ತೀನಂದಿ. ಈಗ?”

ಮೆಹೆಕ ಕೆಂಪಕ್ಷರವನ್ನು ಮತ್ತೆ ನಿಧಾನವಾಗಿ ಓದಿದಳು. ಊರಿನಲ್ಲಿ ಓಣಿಗೊಬ್ಬ ಮಾಯಪ್ಪ. ಗುರುತಿಗೆಂದು ಸಂಘದ ದಶರಥ ಫೋನ್ ಪಟ್ಟಿಯಲ್ಲಿ ಎಲ್ಲರ ಅಡ್ಡಹೆಸರನ್ನೂ ಉದ್ಧರಣ ಚಿಹ್ನೆಯೊಳಗೆ ಟೈಪು ಮಾಡಿಟ್ಟಿದ್ದ: ಮಾಯಪ್ಪ "ಮಿರ್ಚಿ", ಮಾಯಪ್ಪ "ಬುಲೆಟ್". ಇವಳೋ ಪ್ರೋಗ್ರಾಂ ಬರೆಯುವ ಭಾಷೆಯಾದ ಪಿಎಚ್‌ಪಿಯಲ್ಲಿ ಸರ್ವರಿಗೆ ಮಾಹಿತಿ ಒಯ್ಯುವ ಜೇಸನ್ ಸಾಲನ್ನು ಕೈಯಾರೆ ಹೊಲಿದು, ಎರಡು ಅಂಥದೇ ಚಿಹ್ನೆಗಳ ನಡುವೆ ಹೆಸರಿನ ವೇರಿಯಬಲ್ ತುರುಕಿದ್ದಳು. ಮಿರ್ಚಿಯ ಚಿಹ್ನೆ ಬಂದದ್ದೇ ತಡ, ಹೆಸರು ಅಲ್ಲಿಗೇ ಮುಗಿಯಿತೆಂದು ಸರ್ವರ್ ತಿಳಿದು, ಅರ್ಧ ತುಂಬಿದ ಚೀಲದ ಬಾಯಿ ಹೊಲಿದಂತಾಗಿತ್ತು. ಎಲ್ಲರ ಹೆಸರೂ ಒಂದೇ ಗಂಟಿನಲ್ಲಿ. ಒಂದು ಕೆಟ್ಟಿತೆಂದು ಸರ್ವರ್ ಗಂಟನ್ನೇ ವಾಪಸು ಎಸೆದಿತ್ತು. ಅಡ್ಡಹೆಸರಿನ ಚಿಹ್ನೆಯಿಂದಲೇ ಕೆಟ್ಟಿದೆ ಎಂದು ಅವಳು ಆಬಾಸಾಹೇಬರಿಗೆ ಹೇಳಿದಳು.

“ಆ ಅಡ್ಡಹೆಸರ ಕಿತ್ತ ಒಗಿಯವಾ.”

“ಒಗದ್ರ, ಒಬ್ಬ ಮಾಯಪ್ಪ ಸಂದೇಶ ಇನ್ನೊಬ್ಬನ ಮೋಟಾರಿಂದಂತ ತಿಳಕೊಂಡ ಸುಮ್ಮ ಕುಂದರ್ತಾನ್ರಿ ಕಾಕಾ.”

“ಕುಂದರೂ ಪೈಕೀನ ಅವ್ರು!” ಆಬಾಸಾಹೇಬರಿಗೆ ಆ ಗಡಿಬಿಡಿಯಲ್ಲೂ ನಗು ಬಂತು.

ಮೆಹೆಕ ಹೊಲಿದ ಸಾಲನ್ನೇ ಅಳಿಸಿದಳು. ಹೆಸರು, ನಂಬರು, ಸಂದೇಶ ಮೂರನ್ನೂ ಅರೇ ಎಂಬ ಪಟ್ಟಿಯಲ್ಲಿ ಬೇರೆಬೇರೆಯಾಗಿ ಇಟ್ಟು, ಸಾಲನ್ನು ತಾನೇ ಹೊಲಿಯುವ ಜೇಸನ್ ಎನ್ಕೋಡಿಗೆ ಇಡಿಯಾಗಿ ಒಪ್ಪಿಸಿದಳು. ಯಾವ ಚಿಹ್ನೆ ಹೆಸರಿನದು, ಯಾವುದು ಗಂಟಿನದು ಎಂಬ ಉಸಾಬರಿ ಇನ್ನು ಪಿಎಚ್‌ಪಿಯದು. ಮತ್ತೆ ಗುಂಡಿ ಒತ್ತಿದಳು.

ಆಬಾಸಾಹೇಬರ ಕಿಸೆ ಗುಂಯ್ ಎಂದಿತು. ಹೊರಗೆ ಕಟ್ಟೆಯ ಮೇಲೆ ಕೂತವರ ಫೋನುಗಳೂ ಒಂದರ ಹಿಂದೊಂದು ಕೂಗಿದವು. ಅಷ್ಟರಲ್ಲೇ ಸಂಘಕ್ಕೆ ಒಂದು ಕರೆ.

“ಯಾಂವಲೇ ಅಂವಾ, ನನಗ ಮಿರ್ಚಿ ಅಂತ ಬರದಾಂವ? ಮೋಟಾರ ಎತ್ತಾಕ ಹಗ್ಗಾ ತಗೊಂಡ ಹೊಂಟೀನಿ. ಎತ್ತಿಟ್ಟ ಬಂದು ನಿಮ್ಮನ್ನ ನೋಡ್ಕೋತೀನಿ!”

“ಬಾರಪಾ, ಚಹಾ ಇಟ್ಟಿರ್ತೇವಿ!” ಎಂದು ಆಬಾಸಾಹೇಬರು ಕೂಗಿದರು. ಮೆಹೆಕ ಕುರ್ಚಿಯಿಂದ ಎದ್ದು ನಿಂತೇಬಿಟ್ಟಳು. ಕಬ್ಬಿನ ನಡುವಿನ ದಾರಿಗಳಲ್ಲೆಲ್ಲ ಟ್ರ್ಯಾಕ್ಟರುಗಳ ಸದ್ದು ಹೊಳೆಯತ್ತ ಓಡುತ್ತಿತ್ತು.

ಹೊತ್ತು ಮುಳುಗುವಾಗ ಹೊಳೆ ಕೃಷ್ಣೆ ಕೆಂಪಗೆ ಏರಿ ಬಂದಳು. ಒಯ್ಯಲು ದಂಡೆಯಲ್ಲಿ ಅವಳಿಗೆ ಸಿಕ್ಕಿದ್ದು ಟ್ರ್ಯಾಕ್ಟರ್ ಗಾಲಿಗಳ ಗುರುತಷ್ಟೇ.