ಹೊಂಡದ ಕೆಂಪು ಬಟನ್ನು

ಭತ್ತದ ಹೊಂಡದೊಳಗೆ ನಿಂತಿದ್ದ ಪಕೀರಮ್ಮ ಕೆಂಪು ಬಟನ್ ಒತ್ತಿದಳು. ಪಟ್ಟಿ ನಿಲ್ಲಲಿಲ್ಲ. ಮತ್ತೆ ಒತ್ತಿದಳು. ಅಷ್ಟರಲ್ಲಿ ಹೊಂಡದ ಭತ್ತವನ್ನು ಮೇಲಕ್ಕೊಯ್ಯುವ ಆ ಬಕೆಟ್ ಪಟ್ಟಿ ಅವಳ ಸೆರಗನ್ನು ಕಚ್ಚಿ ಎಳೆಯಿತು. ಅವಳು ಕಿರುಚಿದ ದನಿಗೆ ಗಂಗಾವತಿ ರಸ್ತೆಯ ಆ ರೈಸ್ ಮಿಲ್ಲಿನ ಅಂಗಳವೇ ಬೆಚ್ಚಿಬಿತ್ತು. ಸಾವಕಾರ ಮಾಂತೇಶ ಮೋಟಾರ್ ಕೋಣೆಗೆ ಓಡಿ, ಮೋಟಾರುಗಳ ಮೇನ್ ಸ್ವಿಚ್ ಎಳೆದ. ಹೊಂಡದಿಂದ ಹತ್ತಿ ಬಂದ ಪಕೀರಮ್ಮನ ಮೈಮೇಲೆ ಸೀರೆ ಅರ್ಧವೇ ಉಳಿದಿತ್ತು. ಪುಣ್ಯಕ್ಕೆ ಕೈಕಾಲು ನೆಟ್ಟಗಿದ್ದವು.

ಫೋನ್ ಹೋದ ಕೂಡಲೇ ಸ್ಕೂಟಿ ಹತ್ತಿ ಬಂದವಳು ಮಿಲ್ಲಿನ ವೈರಿಂಗ್ ನೋಡಿಕೊಳ್ಳುವ ನಾಹೀದಾ. ಹೊಂಡದ ಬಟನ್ನಿನಿಂದ ಅಂಗಳದಾಚೆಯ ಮೋಟಾರ್ ಕೋಣೆಗೆ ಎಳೆದಿದ್ದ ವೈರು ಟ್ರ್ಯಾಕ್ಟರುಗಳ ತುಳಿತಕ್ಕೆ ಮೇಲಿಂದ ಮೇಲೆ ಹರಿಯುತ್ತಿತ್ತು. ಹೋದ ತಿಂಗಳು ಅವಳೇ ಅದನ್ನು ಕಿತ್ತು, ಒಂದೊಂದು ಯಂತ್ರಕ್ಕೂ ಒಂದೊಂದು ಸಣ್ಣ ಬೋರ್ಡು ಕೂರಿಸಿದ್ದಳು. ಹೊಂಡದ ಬೋರ್ಡು ವೈಫೈ ಮೇಲೆ ‘ನಿಲ್ಲು’ ಎಂದರೆ ಪಟ್ಟಿಯ ಮೋಟಾರಿನ ಬೋರ್ಡು ನಿಂತು ‘ನಿಂತೆ’ ಎಂದು ಉತ್ತರಿಸಬೇಕು. ಇಷ್ಟೇ ಕೆಲಸ. ಈ ಇಷ್ಟೇ ಕೆಲಸದ ಮೇಲೆ ಪಕೀರಮ್ಮನ ಜೀವ ನಿಂತಿತ್ತು. ಏಕೆಂದರೆ ಆ ಮಿಲ್ಲಿನಲ್ಲಿ ಪಟ್ಟಿ ಓಡುತ್ತಿರುವಾಗಲೇ ಹೊಂಡಕ್ಕಿಳಿದು, ಮೂಲೆಗೆ ಕಟ್ಟಿಕೊಂಡ ಭತ್ತವನ್ನು ಕೆದಕುವುದು ರೂಢಿ. ನಿಲ್ಲಿಸಿ ಕೆದಕಿದರೆ ಹೊತ್ತು ಹಾಳು ಎನ್ನುವುದು ಸಾವಕಾರನ ವಾದ. ಹೊತ್ತು ಅವನದು, ಇಳಿಯುವವಳು ಪಕೀರಮ್ಮ.

“ಭತ್ತದ ಗಾಡಿ ಗೇಟಿನಾಗ ಸಾಲುಹಚ್ಚಿ ನಿಂತಾವು. ಜಲ್ದಿ ನೋಡವ್ವಾ,” ಎಂದ ಮಾಂತೇಶ.

ಹೊಂಡಕ್ಕೆ ಯಾರೂ ಇಳಿಯದಂತೆ ನೋಡಿಕೊಂಡು, ಮಿಲ್ ಚಾಲೂ ಮಾಡಿಸಿ, ಲ್ಯಾಪ್‌ಟಾಪ್ ಜೋಡಿಸಿಕೊಂಡು ನಾಹೀದಾ ಬಟನ್ ಒತ್ತಿದಳು. ಪಟ್ಟಿ ಓಡುತ್ತಲೇ ಇತ್ತು. ಪರದೆಯ ಮೇಲೆ ಮಾತ್ರ ‘ನಿಂತೆ’ ಎಂಬ ಉತ್ತರ ಬಂದು ಕೂತಿತ್ತು. ಉತ್ತರವೇ ಬಾರದಿದ್ದರೆ ವೈಫೈ ಕೆಟ್ಟಿದೆ ಎನ್ನಬಹುದಿತ್ತು. ಇಲ್ಲಿ ಯಾರೋ ಉತ್ತರ ಕೊಡುತ್ತಿದ್ದಾರೆ. ಯಾರು? ಅವಳು ಕಿವಿಗೊಟ್ಟು ನಿಂತಳು. ಮಿಲ್ಲಿನ ಗದ್ದಲದಲ್ಲಿ ಒಂದು ಸದ್ದು ಕಡಿಮೆಯಾಗಿತ್ತು. ಆ ತುದಿಯಲ್ಲಿ ಭತ್ತ ಸೋಸುವ ಜರಡಿ ಯಂತ್ರ ನಿಂತುಬಿಟ್ಟಿತ್ತು.

“ಅಣ್ಣಾ, ಮೊನ್ನೀತನಕ ಸರಿ ಇತ್ತಲ್ಲ, ನಿನ್ನೆ ಇಲ್ಲಿ ಏನ್ ಮಾಡೀರಿ?”

“ನಿನ್ನೆ ಅಮಾಸಿ ಅಲ್ಲೇನು? ಮೀಟರಿನಿಂದಾನ ಎಲ್ಲಾ ಬಂದ್ ಮಾಡಿ, ಮಷಿನ್ ತೊಳದು, ಪೂಜಿ ಮಾಡಿ ಚಾಲೂ ಮಾಡಿವಿ. ನಮ್ಮಜ್ಜನ ಕಾಲದ ಜರಡಿಗೆ ಮೊದಲ ಕಾಯಿ, ಮೊದಲ ಕರೆಂಟು. ಅದು ನಮ್ಮ ಪದ್ಧತಿ.”

ನಾಹೀದಾ ಹಣೆ ಹಿಡಿದುಕೊಂಡಳು. ಕರೆಂಟು ಬಂದಾಗ ಮೊದಲು ಎದ್ದ ಬೋರ್ಡಿಗೆ ಮೊದಲ ವಿಳಾಸ ಕೊಡುವುದು ವೈಫೈ ಡಬ್ಬಿಯ ಪದ್ಧತಿ. ಬೋರ್ಡು ಕೂರಿಸಿದ ದಿನ ಮೊದಲು ಎದ್ದದ್ದು ಪಟ್ಟಿಯ ಮೋಟಾರು. ಅವಳು ಆ ವಿಳಾಸವನ್ನೇ ನಂಬಿ, ‘ನಿಲ್ಲು’ ಎಂಬ ಮಾತು ಸದಾ ಅಲ್ಲಿಗೇ ಹೋಗುವಂತೆ ಬರೆದಿಟ್ಟಿದ್ದಳು. ನಿನ್ನೆ ಜರಡಿ ಮೊದಲು ಎದ್ದು ಆ ವಿಳಾಸದಲ್ಲಿ ಕೂತಿತು. ಇಂದು ಪಕೀರಮ್ಮ ಬಟನ್ ಒತ್ತಿದಾಗ ಜರಡಿ ತನಗೇ ಹೇಳಿದರೆಂದು ನಿಂತು, ಮರ್ಯಾದೆಯಿಂದ ಉತ್ತರವನ್ನೂ ಕೊಟ್ಟಿತು. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ಮಿಲ್ಲಿನಲ್ಲಿ ಅಮಾವಾಸ್ಯೆ ಮಾಡುತ್ತಾರೆಂಬುದು ತಲೆಗೇ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಪ್ರತಿ ಬೋರ್ಡಿಗೂ ಬದಲಾಗದ ವಿಳಾಸ ಬರೆದಳು. ಉತ್ತರ ಕೊಡುವಾಗ ತನ್ನ ಹೆಸರನ್ನೂ ಹೇಳಬೇಕು ಎಂದು ಕಟ್ಟಳೆ ಹಾಕಿದಳು. ಮೀಟರಿನಿಂದಲೇ ಎಲ್ಲ ಆರಿಸಿ, ಬೇಕೆಂದೇ ಜರಡಿಯನ್ನು ಮೊದಲು ಎಬ್ಬಿಸಿ ನೋಡಿದಳು. ಒತ್ತಿದಾಗಲೆಲ್ಲ ಪಟ್ಟಿಯೇ ನಿಂತಿತು.

“ಸರಿ ಆತ್ರಿ,” ಎಂದು ಹೇಳಿ ಮೋಟಾರ್ ಕೋಣೆಯ ಕಡೆ ನಡೆದಳು.

“ಹಂಗಾದ್ರ ಇಳೀ ಪಕೀರಮ್ಮ,” ಎಂದ ಮಾಂತೇಶ.

ಬೇರೆ ಸೀರೆ ಸುತ್ತಿಕೊಂಡು ಬಂದಿದ್ದ ಪಕೀರಮ್ಮ ಹೊಂಡದ ಏಣಿಗೆ ಒಂದು ಕಾಲಿಟ್ಟಳು. ಇನ್ನೊಂದು ಕಾಲು ಏಳಲಿಲ್ಲ. ಅಂಗಳದಾಚೆ ಮೋಟಾರ್ ಕೋಣೆಯ ತೆರೆದ ಬಾಗಿಲತ್ತ ನೋಡುತ್ತ ಕೂಗಿದಳು.

“ಯವ್ವಾ, ಸರಿ ಆತು ಅಂದಿ. ಮತ್ತ ಆ ಮೇನ್ ಸ್ವಿಚ್ ಯಾಕ ಹಿಡಕೊಂಡು ನಿಂತಿ?”

ನಾಹೀದಾ ತನ್ನ ಕೈ ನೋಡಿಕೊಂಡಳು. ಅದು ಯಾವಾಗ ಅಲ್ಲಿಗೆ ಹೋಗಿತ್ತೋ ಅವಳಿಗೂ ಗೊತ್ತಿರಲಿಲ್ಲ. ಗಟ್ಟಿಯಾಗಿ ಹಿಡಿದು ಕೆಳಗೆಳೆದಳು. ಇಡೀ ಮಿಲ್ಲು ಸುಮ್ಮನಾಯಿತು.

“ಏನಾತು? ಸರಿ ಆಗಿಲ್ಲೇನು?” ಮಾಂತೇಶ ಗದರಿದ.

“ಆಗೈತ್ರಿ ಅಣ್ಣಾ,” ಎಂದಳು ನಾಹೀದಾ. “ಹೋದ ತಿಂಗಳೂ ಹಿಂಗ ಸರಿ ಆಗಿತ್ತು.”